ಬೈಬಲ್ ಕವರಿನಲ್ಲಿದ್ದ ಮಾತ್ರೆ ಶೀಟು

ನಂಬಿಕೆಯ ಹೆಸರಲ್ಲಿ ಮಾತ್ರೆ ಬಿಡಿಸಿದ್ದು, ಆಪ್ತಸಲಹೆಗಾಗಿ ನನ್ನ ಹತ್ತಿರ ಬಂದ ಇದೇ ಥರದ ಮೂರನೇ ಪ್ರಕರಣ ಇದು. ಅದಕ್ಕೇ ಬರೆಯುತ್ತಿದ್ದೇನೆ. ಮಾತ್ರೆ ಬಿಡಿಸಿದವರು, ಬಿಟ್ಟವರು ಇಬ್ಬರದ್ದೂ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಹತ್ತಿರ ಬಂದವರು ಸಕಲೇಶಪುರದ ಕಡೆಯ ಒಂದು ಸಣ್ಣ ಕ್ರೈಸ್ತ ಸಭೆಯ ಪಾಸ್ಟರ್. ಸಭೆಯಲ್ಲಿ ಜಾಸ್ತಿ ಜನ ಕಾಫಿ ತೋಟದ ಕೆಲಸದವರು. ಓದಿದ ಮಕ್ಕಳು ಬೆಂಗಳೂರು ಸೇರಿದ್ದಾರೆ. ಉಳಿದವರ ಮೊಬೈಲಿನಲ್ಲಿ ದಿನವೂ ದೊಡ್ಡ ದೊಡ್ಡ ಬೋಧಕರ ಪ್ರಸಂಗ, ಅದ್ಭುತ, ಸ್ವಸ್ಥತೆಯ ವಿಡಿಯೋ. 'ನಮ್ಮ ಸಭೆಯಲ್ಲಿ ಯಾಕೆ ಹೀಗೆ ಆಗಲ್ಲ ಪಾಸ್ಟರ್?' ಅಂತ ಕೇಳುವವರೂ ಇದ್ದರಂತೆ. ಇವರೂ ಒಂದು ಯೂಟ್ಯೂಬ್ ಚಾನೆಲ್ ಶುರು ಮಾಡಿದರು.

ನನ್ನ ಹತ್ತಿರ ಬಂದಾಗ ನಿದ್ದೆ ಬರುತ್ತಿಲ್ಲ ಅಂದರು. ಎರಡು ಸಲ ಬಂದಾಗಲೂ ನಿದ್ದೆಯ ಮಾತೇ. ಮೂರನೇ ಸಲ ಕೂತು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ಬೈಬಲ್ ಕವರಿನ ಜಿಪ್ ಎಳೆದು, ಒಳಗಿನ ಜೇಬಿನಿಂದ ಒಂದು ಮಾತ್ರೆ ಶೀಟು ತೆಗೆದು ಮೇಜಿನ ಮೇಲಿಟ್ಟರು. ಹತ್ತರಲ್ಲಿ ಆರು ಉಳಿದಿದ್ದವು. ನಾಲ್ಕು ಗುಳಿ ಖಾಲಿ, ಹಿಂದಿನ ಬೆಳ್ಳಿ ಕಾಗದ ಹರಿದು ಮಡಚಿಕೊಂಡಿತ್ತು.

ಖಿನ್ನತೆಗೆ ಕೊಡುವ ಮಾತ್ರೆ. ಸಭೆಯ ಒಬ್ಬ ಹೆಣ್ಣುಮಗಳದ್ದು. ಎಂಟು ತಿಂಗಳ ಹಿಂದೆ ಉಪವಾಸ ಪ್ರಾರ್ಥನೆಯ ದಿನ ಇವರೇ ಕರೆ ಕೊಟ್ಟಿದ್ದರು. ನಂಬಿಕೆ ಇದ್ದವರು ಮಾತ್ರೆ ತಂದು ಇಲ್ಲಿಡಿ ಅಂತ. ಅವರು ಎದ್ದು ಬಂದು ಇಟ್ಟರು. ದೇವರು ತನಗೆ ಮಾಡಿದ್ದೇನು ಅಂತ ಎಲ್ಲರ ಮುಂದೆ ಅಳುತ್ತಾ ಸಾಕ್ಷಿ ಹೇಳಿದರು. ಅದು ವಿಡಿಯೋ ಆಯಿತು.

ಎರಡು ತಿಂಗಳಲ್ಲಿ ಆ ತಂಗಿ ಮತ್ತೆ ಕುಸಿದರು. ಬದುಕೇ ಬೇಡ ಅನ್ನುವ ಮಟ್ಟಕ್ಕೆ ಹೋದರು. ಅವರ ಅಕ್ಕನಿಗೆ ಗೊತ್ತಾಗಿ ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಕರೆದೊಯ್ದರು. ಈಗ ಚಿಕಿತ್ಸೆಯಲ್ಲಿದ್ದಾರೆ.

ಪಾಸ್ಟರ್ ಅಂದರು: "ಸಿಸ್ಟರ್, ಮುಂದಿನ ಭಾನುವಾರ ಸಭೆಯ ಮುಂದೆ ಮೊಣಕಾಲೂರಿ ನನ್ನ ತಪ್ಪನ್ನೆಲ್ಲ ಅರಿಕೆ ಮಾಡ್ತೀನಿ. ಲೈವ್ ಹಾಕ್ತೀನಿ. ನನ್ನ ಥರ ತಪ್ಪು ಮಾಡೋ ಸೇವಕರಿಗೆ ಇದೊಂದು ಸಾಕ್ಷಿ ಆಗ್ಲಿ."

ಅವರ ಕಣ್ಣಲ್ಲಿ ನೀರಿತ್ತು. ಆ ಪಶ್ಚಾತ್ತಾಪದ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಕೇಳಿದೆ: "ಆ ಹಳೇ ವಿಡಿಯೋ ಈಗಲೂ ಇದೆಯಾ?"

"ಇದೆ."

"ಯಾಕೆ ತೆಗೆದಿಲ್ಲ?"

ತುಂಬಾ ಹೊತ್ತು ಸುಮ್ಮನಿದ್ದರು. ಕೊನೆಗೆ, "ಅದರಲ್ಲಿ ದೇವರ ಮಹಿಮೆ ಇದೆ ಅನ್ನಿಸ್ತು" ಅಂದರು. ಹೇಳಿದ ತಕ್ಷಣ ಅವರಿಗೇ ಗೊತ್ತಾಯಿತು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನಾನು ಬೈಬಲಿನ ಮತ್ತಾಯ 5ನೇ ಅಧ್ಯಾಯ ನೆನಪಿಸಿದೆ. ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದವನಿಗೆ, ತನ್ನ ಮೇಲೆ ಸಹೋದರನಿಗೆ ಏನೋ ಬೇಸರ ಇದೆ ಅಂತ ಅಲ್ಲಿ ನೆನಪಾಗುತ್ತದೆ. "ಮೊದಲು ಏನು ಮಾಡ್ಬೇಕು ಪಾಸ್ಟರ್?" ಅಂದೆ. ಎಷ್ಟೋ ಸಲ ಪ್ರಸಂಗ ಮಾಡಿದ ವಾಕ್ಯ ಅದು. "ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗ್ಬೇಕು" ಅಂದರು, ಮಗುವಿನ ಹಾಗೆ.

ನಾನು ಕೊಟ್ಟ ಸಲಹೆ ಇಷ್ಟೇ. ಇವತ್ತೇ ವಿಡಿಯೋ ತೆಗೆಯಿರಿ. ನೀವು ಬರಬಹುದಾ ಅಂತ ಆ ತಂಗಿಯನ್ನು ಅಕ್ಕನ ಮೂಲಕ ಕೇಳಿಸಿ. ಬೇಡ ಅಂದರೆ ಹೋಗಬೇಡಿ. ಬನ್ನಿ ಅಂದರೆ ನಿಮ್ಮ ಮನೆಯವರ ಜೊತೆ ಹೋಗಿ. ತಪ್ಪು ನನ್ನದು, ನಿನ್ನ ನಂಬಿಕೆ ಕಡಿಮೆ ಇರಲಿಲ್ಲ ಅಂತ ಹೇಳಿ. ಅವರಾಗಿ ಕೇಳದೆ ಪ್ರಾರ್ಥನೆ ಮಾಡಬೇಡಿ. ಕ್ಷಮಿಸು ಅಂತ ಒತ್ತಾಯ ಬೇಡ. ಲೈವ್ ಬೇಡವೇ ಬೇಡ.

ಈ ಸಲಹೆಗೆ ನನ್ನ ಪರಿಚಯದ ವಿಶ್ವಾಸಿಗಳೇ ಬೇಜಾರಾದರು. ಒಬ್ಬ ಸೇವಕ ಬಹಿರಂಗವಾಗಿ ತಗ್ಗಿಸಿಕೊಳ್ಳುವುದನ್ನು ತಡೆದಿರಿ ಅಂದರು. ನಾನೂ ಪ್ರತಿ ಭಾನುವಾರ ಸಭೆಗೆ ಹೋಗುವವಳೇ. ಅರಿಕೆಯ ಬೆಲೆ ನನಗೂ ಗೊತ್ತು. ಆದರೆ ಪಾಸ್ಟರ್ ಅತ್ತು ಅರಿಕೆ ಮಾಡಿದರೆ 'ಆ ಹೆಂಗಸು ಯಾರು?' ಅಂತ ಊರೆಲ್ಲ ಹುಡುಕುತ್ತದೆ, ಅಲ್ವಾ? ಒಮ್ಮೆ ಆ ತಂಗಿಯ ಕಣ್ಣೀರು ಚಾನೆಲ್‌ನಲ್ಲಿ ಹರಿದಾಗಿದೆ. ಎರಡನೇ ಸಲ ಅವರ ಕಾಯಿಲೆಯಿಂದ ಇನ್ನೊಬ್ಬರ ಸಾಕ್ಷಿ ಹುಟ್ಟುವುದನ್ನು ನಾನು ಒಪ್ಪಲಾರೆ.

ಮಾತ್ರೆಯ ಬಗ್ಗೆಯೂ ಎರಡು ಮಾತು. ಈ ಮಾತ್ರೆಗಳು ಪೂರ್ತಿ ಕೆಲಸ ಶುರು ಮಾಡಲು ಕೆಲವು ವಾರ ಬೇಕು. ಹುಷಾರಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಲು ಡಾಕ್ಟರ್ ಹೇಳುತ್ತಾರೆ. ದಿಢೀರ್ ಬಿಟ್ಟರೆ ತಲೆಸುತ್ತು, ವಾಕರಿಕೆ, ಚಡಪಡಿಕೆ ಬರಬಹುದು. ಕಾಯಿಲೆ ಮರಳುವ ಭಯವಂತೂ ಇದ್ದೇ ಇದೆ. ಬಿಡುವುದಾದರೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಬಿಡಬೇಕು. ಬೈಬಲಿನಲ್ಲೇ ನೋಡಿ, ಪೌಲನ ಜೊತೆ ಸೇವೆಯಲ್ಲಿದ್ದ ಲೂಕ ವೈದ್ಯ. ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ನಮ್ಮ ಹಾಸನಕ್ಕೆ ಸುವಾರ್ತೆ ತಂದವರು ಆಸ್ಪತ್ರೆಯನ್ನೂ ಕಟ್ಟಿದರು. ರೆಡ್‌ಫರ್ನ್ ಆಸ್ಪತ್ರೆ ಇವತ್ತಿಗೂ ನಮ್ಮ ಕಣ್ಣ ಮುಂದಿದೆ. ಹಾಗಿದ್ದ ಮೇಲೆ ಮಾತ್ರೆ ನುಂಗುವುದು ಅವಿಶ್ವಾಸ ಅಂತ ನಾವು ಯಾವಾಗ ಕಲಿತೆವು?

ಮನಸ್ಸು ಕುಸಿದವರು ನಿಮ್ಮ ಸಭೆಯಲ್ಲಿದ್ದರೆ 14416ಕ್ಕೆ ಫೋನ್ ಮಾಡಿಸಿ. ಅದು ಸರ್ಕಾರದ ಟೆಲಿ ಮಾನಸ್. 2022ರಿಂದ ಇದೆ, ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಸಭೆಯ ಬಾಗಿಲಿಗೆ ಅಂಟಿಸಿ.

ಆ ಶೀಟನ್ನು ಏನು ಮಾಡಲಿ ಅಂತ ಪಾಸ್ಟರ್ ಕೇಳಿದರು. ಆ ತಂಗಿಗೆ ಡಾಕ್ಟರ್ ಹೊಸದಾಗಿ ಬರೆದುಕೊಟ್ಟಿದ್ದಾರೆ, ಹಳೆಯದನ್ನು ಆಕೆಯ ಕೈಗೆ ಕೊಡಬೇಡಿ ಅಂದೆ. ನನ್ನ ಹತ್ತಿರವೇ ಬಿಟ್ಟು ಹೋದರು.

ಎರಡು ವಾರದ ನಂತರ ಅಕ್ಕ 'ಬರಲಿ' ಅಂದರು. ಗಂಡ ಹೆಂಡತಿ ಹೋದರು. ಒಳಗೆ ಕರೆಯಲಿಲ್ಲ. ಅಂಗಳದಲ್ಲಿ ಕಾಫಿ ಹಣ್ಣು ಒಣಗಲು ಹಾಕಿತ್ತು, ಅದರ ಪಕ್ಕ ನಿಂತೇ ಮಾತಾಡಿದರಂತೆ. ಆ ತಂಗಿ ಹೊಸಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡರು. ಒಂದೇ ಪ್ರಶ್ನೆ ಕೇಳಿದರು.

"ವಿಡಿಯೋ ತೆಗೆದ್ರಾ?"

"ತೆಗೆದೆ ಅಮ್ಮ."

"ಸರಿ" ಅಂದು ಒಳಗೆ ಹೋದರು.

ಆ ತಂಗಿ ಈಗ ಬೇರೆ ಸಭೆಗೆ ಹೋಗುತ್ತಾರೆ. ಪಾಸ್ಟರ್‌ಗೆ ನಿದ್ದೆ ಪೂರ್ತಿ ಸರಿಹೋಗಿಲ್ಲ, ಇನ್ನೂ ಬರುತ್ತಿದ್ದಾರೆ. ಉಪವಾಸ ಪ್ರಾರ್ಥನೆಯ ದಿನ ಈಗ ಮೊದಲೇ ಹೇಳುತ್ತಾರಂತೆ: "ಮಾತ್ರೆ ಇರೋರು ತಿಂಡಿ ತಿಂದು, ಮಾತ್ರೆ ನುಂಗಿಯೇ ಬನ್ನಿ."