ಓದುಗರ ಪ್ರಶ್ನೆ: ಒಂಟಿ ಕಸುಬುದಾರರಿಗೆ ಬೇಕಾದ ಸಣ್ಣ ಯಂತ್ರಗಳು

ಒಬ್ಬರೇ, ಇಲ್ಲವೇ ಒಬ್ಬಿಬ್ಬರು ಸಹಾಯಕರನ್ನು ಇಟ್ಟುಕೊಂಡು, ಮರ, ಚರ್ಮ, ಲೋಹ, ಬಟ್ಟೆ, ಕಾಗದಗಳಲ್ಲಿ ವಸ್ತುಗಳನ್ನು ಮಾಡಿ ಮಾರುವವರಿಗೆ ಉಪಕರಣಗಳನ್ನು ಒದಗಿಸುವ ಉದ್ಯಮದ ಬಗ್ಗೆ ಹಲವು ಪತ್ರಗಳು ಬಂದಿವೆ. ಅವುಗಳಲ್ಲಿ ಆರನ್ನು ಆಯ್ದು, ಸಂಕ್ಷೇಪಿಸಿ, ಉತ್ತರಿಸಿದ್ದೇನೆ.

ಪ್ರಶ್ನೆ: 15 ವರ್ಷ ಲೋಹ ಕಡಿಯುವ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಮೇಲೆ ಕೆಲಸ ಮಾಡಿದ್ದೇನೆ. ಸ್ವಂತವಾಗಿ ಸಣ್ಣ ಯಂತ್ರಗಳನ್ನು ತಯಾರಿಸುವ ಆಸೆಯಿದೆ. ಆದರೆ ತ್ರೀಡಿ ಪ್ರಿಂಟರ್, ಲೇಸರ್ ಕಟರ್ ಮುಂತಾದವು ದೊಡ್ಡ ಕಾರ್ಖಾನೆಗಳಿಂದಲೇ ಅಗ್ಗವಾಗಿ ಬರುತ್ತಿವೆ. ನನ್ನಂಥವನಿಗೆ ಇನ್ನೂ ಜಾಗ ಉಳಿದಿದೆಯೇ?

ಉತ್ತರ: ಉಳಿದಿದೆ, ಆದರೆ ನೀವು ಹೆಸರಿಸಿದ ಯಂತ್ರಗಳಲ್ಲಿ ಉಳಿದಿಲ್ಲ. ತ್ರೀಡಿ ಪ್ರಿಂಟರಿನ ಕಥೆಯನ್ನೇ ನೋಡಿ. ಕರಗಿದ ಪ್ಲಾಸ್ಟಿಕ್ಕಿನ ಎಳೆಯನ್ನು ಪದರ ಪದರವಾಗಿ ಇಡುವ ವಿಧಾನಕ್ಕೆ ಸ್ಕಾಟ್ ಕ್ರಂಪ್ ಅವರು 1989ರಲ್ಲಿ ಅರ್ಜಿ ಸಲ್ಲಿಸಿ ಪಡೆದ ಪೇಟೆಂಟ್ 2009ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ, 2005ರಲ್ಲಿ, ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೋಯರ್ ಅವರು ತನ್ನ ಭಾಗಗಳನ್ನು ತಾನೇ ಮುದ್ರಿಸಿಕೊಳ್ಳಬಲ್ಲ ಯಂತ್ರದ ಯೋಜನೆಯನ್ನು ‘ರೆಪ್‌ರ‍್ಯಾಪ್’ ಎಂಬ ಹೆಸರಿನಲ್ಲಿ ಆರಂಭಿಸಿ, ನಕ್ಷೆಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಪೇಟೆಂಟ್ ತೆರವಾದ ಕೂಡಲೇ ಸಣ್ಣ ತಯಾರಕರು ಗುಂಪು ಗುಂಪಾಗಿ ಆ ಕ್ಷೇತ್ರಕ್ಕೆ ಇಳಿದರು. ಕೆಲವೇ ವರ್ಷಗಳಲ್ಲಿ ಅದು ದೊಡ್ಡ ಪ್ರಮಾಣದ ಉತ್ಪಾದನೆಯವರ ಕೈಗೆ ಹೋಯಿತು. ಎಲ್ಲ ಕಸುಬುಗಳಿಗೂ ಒಗ್ಗುವ ಯಂತ್ರಕ್ಕೆ ದೊಡ್ಡ ಮಾರುಕಟ್ಟೆಯಿರುತ್ತದೆ. ದೊಡ್ಡ ಮಾರುಕಟ್ಟೆಯಿರುವಲ್ಲಿ ಬೆಲೆಯ ಮೇಲೆ ಪೈಪೋಟಿ ಮಾಡಿ ನೀವು ಗೆಲ್ಲಲಾರಿರಿ.

ಆದ್ದರಿಂದ ಒಂದು ಕಸುಬನ್ನು, ಆ ಕಸುಬಿನಲ್ಲೂ ಒಂದೇ ಒಂದು ಕೆಲಸವನ್ನು ಹಿಡಿಯಿರಿ. ಚಿತ್ರಗಳಿಗೆ ಚೌಕಟ್ಟು ಕಟ್ಟುವವರ ಪಕ್ಕದಲ್ಲಿ ಒಂದು ದಿನ ಕುಳಿತು ನೋಡಿದರೆ ನನ್ನ ಮಾತು ಅರ್ಥವಾದೀತು. ಒಂದು ಚೌಕಟ್ಟಿಗೆ ನಾಲ್ಕು ಮೂಲೆ, ಎಂಟು ಕೊಯ್ತ. ಪ್ರತಿ ಕೊಯ್ತವೂ 45 ಡಿಗ್ರಿ ಇರಬೇಕು. ಗರಗಸದ ಕೋನ ಅರ್ಧ ಡಿಗ್ರಿಯಷ್ಟೇ ತಪ್ಪಿದೆ ಎಂದುಕೊಳ್ಳಿ. ಮೊದಲ ಮೂರು ಮೂಲೆಗಳನ್ನು ಒತ್ತಿ ಅಂಟಿಸಿದರೆ ಎಂಟೂ ಕೊಯ್ತಗಳ ತಪ್ಪು ಕೂಡಿಕೊಂಡು ನಾಲ್ಕನೆಯ ಮೂಲೆಯಲ್ಲಿ 4 ಡಿಗ್ರಿಯ ಬಿರುಕಾಗಿ ಬಾಯಿ ತೆರೆಯುತ್ತದೆ. ಅದನ್ನು ಮುಚ್ಚಲು ಆ ಕಸುಬುದಾರರು ಮತ್ತೆ ಕೀಸುತ್ತಾರೆ, ಮರದ ಹುಡಿಗೆ ಅಂಟು ಬೆರೆಸಿ ತುಂಬುತ್ತಾರೆ, ಕೆಲವೊಮ್ಮೆ ಪಟ್ಟಿಯನ್ನೇ ಬಿಸಾಡುತ್ತಾರೆ. ಅವರಿಗೆ ಹೊಸ ಗರಗಸ ಬೇಕಾಗಿಲ್ಲ. ಕೊಯ್ದ ತುದಿಯನ್ನು ಒರಗಿಸಿ ಎಳೆ ಎಳೆಯಾಗಿ ಸವರಿ ಕೋನವನ್ನು ನಿಖರಗೊಳಿಸುವ, ಒಮ್ಮೆ ಹೊಂದಿಸಿದರೆ ಕದಲದ ಒಂದು ಜಿಗ್, ಅಂದರೆ ತುಂಡನ್ನು ಸರಿಯಾದ ಕೋನಕ್ಕೆ ಹಿಡಿದಿಡುವ ಸಾಧನ, ಬೇಕು. ಲೇತ್ ಮತ್ತು ಮಿಲ್ಲಿಂಗ್ ಬಲ್ಲ ನಿಮಗೆ ಅದು ಕೈಗೆಟುಕುವ ಕೆಲಸ.

ಪುಸ್ತಕ ಕಟ್ಟುವವರಿಗೆ ಹಾಳೆಗಳ ಮಡಿಕೆಯಲ್ಲಿ ಸಮದೂರಕ್ಕೆ ರಂಧ್ರ ಚುಚ್ಚಲು ಅವನ್ನು ಹಿಡಿದಿಡುವ ತೊಟ್ಟಿಲಿನಂಥ ಆಸರೆ, ಚರ್ಮದ ಕೆಲಸದವರಿಗೆ ಪಟ್ಟಿಯ ಅಂಚನ್ನು ಒಂದೇ ದಪ್ಪಕ್ಕೆ ತೆಳುಗೊಳಿಸುವ ಕೈಯಂತ್ರ, ಕುಂಬಾರರಿಗೆ ಮಣ್ಣಿನ ಹಾಳೆಯನ್ನು ಸಮನಾಗಿ ಲಟ್ಟಿಸುವ ಉರುಳೆ, ಹೀಗೆ ಪ್ರತಿ ಕಸುಬಿನಲ್ಲೂ ಸಮಯ ಸೋರಿಹೋಗುವ ಜಾಗಗಳಿವೆ. ಇವುಗಳಲ್ಲಿ ಕೆಲವಕ್ಕೆ ಈಗಾಗಲೇ ಉಪಕರಣಗಳಿವೆ ನಿಜ. ಅವನ್ನು ಬಳಸುವವರು ಯಾವ ಭಾಗವನ್ನು ಬಯ್ಯುತ್ತಾರೆ ಎಂಬುದನ್ನು ಕೇಳಿಸಿಕೊಂಡರೆ ನಿಮ್ಮ ಮೊದಲ ವಿನ್ಯಾಸ ಅರ್ಧ ಮುಗಿದಂತೆ. ನಕ್ಷೆ ಬರೆಯುವ ಮೊದಲು ಕನಿಷ್ಠ ಹತ್ತು ಜನರ ಕಾರ್ಯಾಗಾರಗಳಿಗೆ ಹೋಗಿ, ಕೈಗಡಿಯಾರ ಹಿಡಿದು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಹೋಗುತ್ತದೆಂದು ಬರೆದುಕೊಳ್ಳಿ.

ಇನ್ನೊಂದು ವಿಷಯವನ್ನು ಮರೆಯಬೇಡಿ. ನಿಮ್ಮ ಗಿರಾಕಿಯ ಬಳಿ ಫಿಟ್ಟರ್ ಇರುವುದಿಲ್ಲ. ಯಂತ್ರ ನಿಂತರೆ ಅಂದಿನ ಸಂಪಾದನೆಯೂ ನಿಲ್ಲುತ್ತದೆ. ನಾನು ಹಿಂದೊಮ್ಮೆ ಕೊಂಡಿದ್ದ ಡ್ರಿಲ್ ಸ್ಟ್ಯಾಂಡಿನಲ್ಲಿ ಹಿಡಿಕೆಯ ಬೋಲ್ಟು ಮುರಿಯಿತು. ಅದರ ಮರೆ (ತಿರುಪಿನ ಸುತ್ತುಗೆರೆ) ಯಾವ ಪ್ರಮಾಣಿತ ಅಳತೆಗೂ ಹೊಂದದ್ದಾಗಿದ್ದರಿಂದ, ಕೇವಲ ಒಂದು ಬೋಲ್ಟಿಗಾಗಿ ಇಡೀ ಸ್ಟ್ಯಾಂಡು ಮೂಲೆ ಸೇರಿತು. ಬೋಲ್ಟು, ಬೇರಿಂಗ್, ಬೆಲ್ಟುಗಳೆಲ್ಲ ಯಾವ ಅಂಗಡಿಯಲ್ಲಾದರೂ ಸಿಗುವ ಅಳತೆಯವಾಗಿರಲಿ, ಎರಡು ಸ್ಪ್ಯಾನರುಗಳಿಂದ ಇಡೀ ಯಂತ್ರ ಬಿಚ್ಚುವಂತಿರಲಿ. ಗಿರಾಕಿ ನಿಮ್ಮನ್ನು ನೆನೆಯುವುದು ಇಂಥ ಗುಣಕ್ಕೆ.

ಪ್ರಶ್ನೆ: ಎಲೆಕ್ಟ್ರಾನಿಕ್ಸ್ ಓದಿದ್ದೇನೆ. ಕೈಯಿಂದ ನಡೆಸುವ ಹಳೆಯ ಯಂತ್ರಗಳಿಗೆ ಮೋಟರ್ ಮತ್ತು ನಿಯಂತ್ರಕ ಜೋಡಿಸುವ ಕಿಟ್‌ಗಳನ್ನು ಮಾರಬೇಕೆಂದಿದ್ದೇನೆ. ಮುಕ್ತವಾಗಿ ಸಿಗುವ ವಿನ್ಯಾಸಗಳನ್ನು ಬಳಸಿ ವ್ಯಾಪಾರ ಮಾಡುವುದು ಸರಿಯೇ?

ಉತ್ತರ: ಮುಕ್ತ ವಿನ್ಯಾಸವೆಂದರೆ ಷರತ್ತಿಲ್ಲದ ವಿನ್ಯಾಸವೆಂದು ಅರ್ಥವಲ್ಲ. ಮಾರುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ, ಆದರೆ ಪರವಾನಗಿಯನ್ನು ಓದಲೇಬೇಕು. ಉದಾಹರಣೆಗೆ, ಕಂಪ್ಯೂಟರಿನ ಆದೇಶದಂತೆ ಚಲಿಸಿ ಕೊಯ್ಯುವ ಸಣ್ಣ ಸಿಎನ್‌ಸಿ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ‘ಗರ್ಬಲ್’ ಎಂಬ ನಿಯಂತ್ರಕ ತಂತ್ರಾಂಶವು ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿಯಡಿ ಇದೆ. ಅದನ್ನು ತಿದ್ದಿ ನಿಮ್ಮ ಕಿಟ್‌ನೊಳಗೆ ಹಾಕಿ ಮಾರಿದರೆ, ತಿದ್ದಿದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಂಡವರಿಗೆ ಒದಗಿಸುವ ಹೊಣೆ ನಿಮ್ಮದು. ಯಂತ್ರಾಂಶದ ನಕ್ಷೆಗಳಿಗಾಗಿ ಯುರೋಪಿನ ಕಣಭೌತ ಸಂಶೋಧನಾ ಸಂಸ್ಥೆಯಾದ ಸರ್ನ್ 2011ರಲ್ಲಿ ಒಂದು ಪರವಾನಗಿಯನ್ನು ಹೊರತಂದಿತು. ಅದರ 2020ರ ಎರಡನೆಯ ಆವೃತ್ತಿಯಲ್ಲಿ ಮೂರು ಬಗೆಗಳಿವೆ: ಒಂದು ನಿಮ್ಮ ಬದಲಾವಣೆಗಳನ್ನೂ ತೆರೆದಿಡಬೇಕೆಂದು ಬಿಗಿಯಾಗಿ ಕೇಳುತ್ತದೆ, ಇನ್ನೊಂದು ಸಡಿಲವಾಗಿ ಕೇಳುತ್ತದೆ, ಮೂರನೆಯದು ಕೇಳುವುದೇ ಇಲ್ಲ. ವಿನ್ಯಾಸ ಮುಕ್ತವಾಗಿದ್ದರೂ ಮೂಲ ತಯಾರಕರ ಹೆಸರು ಮತ್ತು ಗುರುತು ಅವರದೇ ಸ್ವತ್ತು. ಅದನ್ನು ನಿಮ್ಮ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವಂತಿಲ್ಲ.

ಕಾನೂನಿಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಕಿಟ್‌ನ ಜೊತೆ ಹೋಗುವ ಕೈಪಿಡಿ. ಇಂಥ ಕಿಟ್ ಕೊಂಡವರ ಗೋಳು ಬಹುಪಾಲು ಹೀಗಿರುತ್ತದೆ: ಮೋಟರ್ ತಿರುಗುತ್ತದೆ, ಆದರೆ ಅಳತೆ ಸರಿ ಬರುವುದಿಲ್ಲ. ಸಾಮಾನ್ಯ ಸ್ಟೆಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರಿಗೆ ವಿದ್ಯುತ್ ಹಾಯಿಸುವ ಚಾಲಕವು (ಡ್ರೈವರ್) ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದರೆ 3200 ಆಯಿತು. 2 ಮಿಲಿಮೀಟರ್ ಅಂತರದ ಹಲ್ಲುಗಳ ಬೆಲ್ಟು 20 ಹಲ್ಲಿನ ಗಾಲಿಯ ಮೇಲೆ ಒಂದು ಸುತ್ತಿಗೆ 40 ಮಿಲಿಮೀಟರ್ ಸರಿಯುತ್ತದೆ. ಅಂದರೆ ಮಿಲಿಮೀಟರಿಗೆ 80 ಹೆಜ್ಜೆ. ಅದೇ ಜಾಗದಲ್ಲಿ 16 ಹಲ್ಲಿನ ಗಾಲಿ ಕೂರಿಸಿದರೆ ಈ ಸಂಖ್ಯೆ 100 ಆಗಬೇಕು. ಯಾರಾದರೂ ಅದನ್ನು 80ರಲ್ಲೇ ಬಿಟ್ಟರೆ 100 ಮಿಲಿಮೀಟರ್ ಚಲಿಸು ಎಂದಾಗ ಯಂತ್ರ 80ಕ್ಕೇ ನಿಲ್ಲುತ್ತದೆ. ಇಷ್ಟನ್ನು ಚಿತ್ರಸಹಿತ, ಓದುಗರ ಮಾತೃಭಾಷೆಯಲ್ಲಿ, ಒಂದು ಪುಟದಲ್ಲಿ ಬರೆದು ಕೊಡಿ. ಬಿಡಿಭಾಗಗಳನ್ನು ಯಾರು ಬೇಕಾದರೂ ಒಂದು ಪೆಟ್ಟಿಗೆಯಲ್ಲಿ ತುಂಬಿಸಿ ಕಳುಹಿಸಬಲ್ಲರು. ಕಸುಬುದಾರರ ಭಾಷೆಯಲ್ಲಿ ತಪ್ಪಿಲ್ಲದ ಕೈಪಿಡಿ ಬರೆಯುವವರು ತೀರಾ ಕಡಿಮೆ. ನಿಮ್ಮ ವ್ಯಾಪಾರದ ಬಲ ಅಲ್ಲಿದೆ ಎಂದು ನನಗನಿಸುತ್ತದೆ.

ಪ್ರಶ್ನೆ: ನಮ್ಮ ಮರಗೆಲಸದ ಶೆಡ್ಡಿನಲ್ಲಿ ಒಂದು ಸಿಎನ್‌ಸಿ ರೌಟರ್ (ತಿರುಗುವ ಕಟರಿನಿಂದ ಮರ ಕೊಯ್ಯುವ ಯಂತ್ರ) ಇದೆ. ದಿನದ ಅರ್ಧ ಹೊತ್ತು ಸುಮ್ಮನಿರುತ್ತದೆ. ಗಂಟೆಯ ಲೆಕ್ಕದಲ್ಲಿ ಬೇರೆಯವರಿಗೆ ಬಾಡಿಗೆಗೆ ಬಿಡಬಹುದೇ?

ಉತ್ತರ: ಯಂತ್ರವನ್ನು ಬಾಡಿಗೆಗೆ ಬಿಡುವುದಕ್ಕಿಂತ, ಅವರ ನಕ್ಷೆಗೆ ತಕ್ಕಂತೆ ನೀವೇ ಕೊಯ್ದು ಕೊಡುವುದು ಮೇಲು. ಕಾರಣ ಹೇಳುತ್ತೇನೆ. ಹೊಸಬರು ಯಂತ್ರದ ಮುಂದೆ ನಿಂತಾಗ ಭಯದಿಂದ ಮುನ್ನಡೆಯ ವೇಗವನ್ನು ತಗ್ಗಿಸುತ್ತಾರೆ. ನಿಧಾನವಾದರೆ ಸುರಕ್ಷಿತವೆಂಬ ನಂಬಿಕೆ. ಎರಡು ಅಲಗಿನ ಕಟರ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ, ಪ್ರತಿ ಅಲಗು 0.1 ಮಿಲಿಮೀಟರ್ ಚೂರು ಕಡಿಯಬೇಕಾದರೆ, ಯಂತ್ರ ನಿಮಿಷಕ್ಕೆ 3600 ಮಿಲಿಮೀಟರ್ ಮುಂದೆ ಸಾಗಬೇಕು. ಅದನ್ನು 600ಕ್ಕೆ ಇಳಿಸಿದರೆ ಅಲಗು ಕಡಿಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಬಿಸಿಯಾಗುತ್ತದೆ, ಮರದ ಅಂಚು ಕಪ್ಪಾಗುತ್ತದೆ, ಕಟರ್ ಬೇಗ ಮೊಂಡಾಗುತ್ತದೆ. ಆ ನಷ್ಟ ಬಾಡಿಗೆಯ ಹಣವನ್ನು ನುಂಗಿಬಿಡುತ್ತದೆ.

ನೀವೇ ಕೊಯ್ದು ಕೊಡುವಾಗ ಯಂತ್ರ ಓಡಿದ ನಿಮಿಷಗಳಿಗಷ್ಟೇ ಬಿಲ್ಲು ಹಾಕಬೇಡಿ. ನಕ್ಷೆ ತಿದ್ದುವುದು, ಹಲಗೆಯನ್ನು ಬಿಗಿಯುವುದು, ಕಟರ್ ಬದಲಿಸುವುದು, ಧೂಳು ತೆಗೆಯುವುದು ಇವೆಲ್ಲ ಸೇರಿದ ಸಿದ್ಧತೆಗೆ ಒಂದು ನಿಗದಿತ ಶುಲ್ಕವಿಟ್ಟು, ಕೊಯ್ಯುವ ಸಮಯವನ್ನು ಅದರ ಮೇಲೆ ಕೂಡಿಸಿ. ಒಂದೇ ತುಂಡು ಕೇಳುವವರಿಗೆ ಇದು ದುಬಾರಿ ಎನಿಸಿದರೂ, ಹತ್ತು ತುಂಡು ಕೇಳುವವರಿಗೆ ಅಗ್ಗವಾಗಿ, ಅವರೇ ಮರಳಿ ಬರುತ್ತಾರೆ.

ಪ್ರಶ್ನೆ: ಮೇಜಿನ ಮೇಲಿಡುವ ಲೇಸರ್ ಕೆತ್ತನೆ ಯಂತ್ರಗಳನ್ನು ಜೋಡಿಸಿ ಮಾರುತ್ತೇನೆ. ಮುಚ್ಚಳವಿಲ್ಲದ ಮಾದರಿ ಅಗ್ಗವಾಗುವುದರಿಂದ ಹೆಚ್ಚು ಮಾರಾಟವಾಗುತ್ತದೆ. ಕನ್ನಡಕ ಕೊಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ದಯವಿಟ್ಟು ಈ ಮಾದರಿಯನ್ನು ನಿಲ್ಲಿಸಿ. ಮರ ಸುಡುವಷ್ಟು ಶಕ್ತಿಯ ಲೇಸರ್‌ಗಳು ಅತಿ ಅಪಾಯದ ನಾಲ್ಕನೆಯ ವರ್ಗಕ್ಕೆ ಸೇರುತ್ತವೆ. ಅವುಗಳ ನೇರ ಕಿರಣವಷ್ಟೇ ಅಲ್ಲ, ಹೊಳೆಯುವ ಲೋಹಕ್ಕೆ ತಾಗಿ ಚದುರಿದ ಕಿರಣವೂ ಕಣ್ಣಿಗೆ ಹಾನಿ ಮಾಡಬಲ್ಲದು. ಕನ್ನಡಕ ಧರಿಸಿದವರು ಉಳಿದಾರು, ಆ ಕ್ಷಣದಲ್ಲಿ ಬಾಗಿಲು ತೆರೆದು ಒಳಬಂದ ಮಗುವಿಗೆ ಕನ್ನಡಕವಿರುವುದಿಲ್ಲ. ಮನೆಯ ಒಂದು ಕೋಣೆಯೇ ಕಾರ್ಯಾಗಾರವಾಗಿರುವ ಗಿರಾಕಿಗಳು ನಿಮ್ಮವರು ಎಂಬುದನ್ನು ನೆನಪಿಡಿ. ಅಲ್ಲದೆ ಎಲ್ಲ ಕನ್ನಡಕಗಳೂ ಎಲ್ಲ ಲೇಸರ್‌ಗಳಿಗೆ ಒದಗುವುದಿಲ್ಲ. ನೀಲಿ ಡಯೋಡ್ ಲೇಸರ್‌ನ ತರಂಗಾಂತರ ಸುಮಾರು 450 ನ್ಯಾನೋಮೀಟರ್. ಇಂಗಾಲದ ಡೈಆಕ್ಸೈಡ್ ಲೇಸರ್‌ನದು 10.6 ಮೈಕ್ರೋಮೀಟರ್. ಬಣ್ಣವಿಲ್ಲದ ಅಕ್ರಿಲಿಕ್ ಎರಡನೆಯದನ್ನು ಹೀರಿಕೊಳ್ಳುತ್ತದೆ, ಮೊದಲನೆಯದನ್ನು ಹಾಗೆಯೇ ಹಾದುಹೋಗಲು ಬಿಡುತ್ತದೆ.

ಯಂತ್ರಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 12100 ಒಂದು ಕ್ರಮವನ್ನು ಹೇಳುತ್ತದೆ: ಮೊದಲು ವಿನ್ಯಾಸದಲ್ಲೇ ಅಪಾಯವನ್ನು ನಿವಾರಿಸಬೇಕು, ಆಗದಿದ್ದರೆ ತಡೆಗಳನ್ನು ಅಳವಡಿಸಬೇಕು, ಅದಾದ ಮೇಲೆ ಉಳಿಯುವ ಅಪಾಯಕ್ಕಷ್ಟೇ ಎಚ್ಚರಿಕೆಯ ಮಾತು. ನೀವು ಕೊನೆಯದರಿಂದ ಶುರು ಮಾಡಿದ್ದೀರಿ. ಮುಚ್ಚಳ ತೆರೆದ ಕ್ಷಣವೇ ಕಿರಣ ಆರುವಂತೆ ಸ್ವಿಚ್ಚು ಇರುವ ಪೆಟ್ಟಿಗೆ, ಹೊಗೆ ಹೊರಹೋಗುವ ಫ್ಯಾನು ಮತ್ತು ಕೊಳವೆ ಇವಿಷ್ಟೂ ಯಂತ್ರದ ಜೊತೆಗೇ ಹೋಗಲಿ. ಪಿವಿಸಿ ಹಾಳೆಯನ್ನು ಇದರಲ್ಲಿ ಎಂದೂ ಕೊಯ್ಯಬಾರದೆಂದು ಮುಚ್ಚಳದ ಮೇಲೆಯೇ ಬರೆಯಿರಿ. ಅದು ಸುಟ್ಟಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನೂ ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ.

ಪ್ರಶ್ನೆ: ಹೊಲಿಗೆ ಯಂತ್ರಗಳ ರಿಪೇರಿ ಬಲ್ಲೆ. ಇದನ್ನೇ ದೊಡ್ಡದಾಗಿ ಮಾಡಿದರೆ ಉದ್ಯಮವಾದೀತೇ?

ಉತ್ತರ: ಖಂಡಿತ ಆಗುತ್ತದೆ, ತಾಯಿ. ಇಡೀ ಪತ್ರಗಳ ಕಟ್ಟಿನಲ್ಲಿ ನನಗೆ ಅತ್ಯಂತ ಭರವಸೆ ಹುಟ್ಟಿಸಿದ ಪ್ರಶ್ನೆ ನಿಮ್ಮದೇ. ಐಸಾಕ್ ಸಿಂಗರ್ ಅವರು 1851ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದರು; ಆದರೆ ಯಂತ್ರ ಮನೆಮನೆ ಸೇರಿದ್ದರ ಹಿಂದೆ 1856ರಲ್ಲಿ ಅವರ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ತಂದ ಕಂತಿನ ಪದ್ಧತಿಯ ಪಾಲು ದೊಡ್ಡದು. ನೀವೂ ಹಳೆಯ ಯಂತ್ರಗಳನ್ನು ಕೊಂಡು, ಸರಿಪಡಿಸಿ, ಆರು ತಿಂಗಳ ಗ್ಯಾರಂಟಿಯೊಂದಿಗೆ ಕಂತಿನಲ್ಲಿ ಕೊಡಬಹುದು. ದೂರುಗಳಲ್ಲಿ ಎಷ್ಟೋ ಸೂಜಿ ತಿರುಗುಮುರುಗಾಗಿ ಕೂತದ್ದು, ಬಾಬಿನ್ ಗೂಡಿನಲ್ಲಿ ನೂಲಿನ ಜೂಲು ಸಿಕ್ಕಿಕೊಂಡದ್ದು, ಎಣ್ಣೆ ಒಣಗಿ ಅಂಟಾದದ್ದು ಇಂಥವೇ ಎಂಬುದು ನಿಮಗೆ ಗೊತ್ತಿದೆ. ಯಂತ್ರ ಕೊಡುವಾಗ ಅರ್ಧ ಗಂಟೆ ಕೂರಿಸಿ ಇವನ್ನು ಕಲಿಸಿದರೆ ಗ್ಯಾರಂಟಿಯ ಹೊರೆ ತಗ್ಗುತ್ತದೆ. ದರ್ಜಿಗಳು, ಚೀಲ ಹೊಲಿಯುವವರು, ಕೌದಿ ಹೊಲಿಯುವವರು ಎಂದು ಬೇರೆ ಬೇರೆ ಪಟ್ಟಿ ಮಾಡಿ, ಯಾರಿಗೆ ಯಾವ ಸೂಜಿ, ಬಟ್ಟೆಯನ್ನು ಒತ್ತಿಹಿಡಿಯುವ ಯಾವ ಪಾದ ಬೇಕೋ ಅದನ್ನು ಸದಾ ದಾಸ್ತಾನಿಡಿ.

ಪ್ರಶ್ನೆ: ಯಂತ್ರದ ಬೆಲೆ ಹೇಗೆ ಕಟ್ಟಬೇಕು? ಮುಂಗಡ ಪಡೆದು ತಯಾರಿಸಬಹುದೇ?

ಉತ್ತರ: ಬಿಡಿಭಾಗಗಳ ಖರ್ಚಿಗೆ ಒಂದಿಷ್ಟು ಸೇರಿಸಿ ಬೆಲೆ ಹೇಳುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಜೋಡಣೆ, ಪರೀಕ್ಷೆ, ಪ್ಯಾಕಿಂಗ್, ಸಾಗಣೆಯಲ್ಲಿ ಮುರಿದದ್ದು, ವಾರಂಟಿಯಲ್ಲಿ ಮರಳಿ ಬಂದದ್ದು, ಫೋನಿನಲ್ಲಿ ಸಲಹೆ ಕೊಟ್ಟ ಗಂಟೆಗಳು, ಮಾರಾಟಗಾರರ ಕಮಿಷನ್ ಇವೆಲ್ಲ ಬೆಲೆಯೊಳಗೇ ಹುಟ್ಟಬೇಕು. ಬಿಡಿಭಾಗಗಳ ಖರ್ಚು ಮಾರಾಟದ ಬೆಲೆಯ ಮೂರನೇ ಒಂದು ಭಾಗವನ್ನು ಮೀರದಂತೆ ನೋಡಿಕೊಳ್ಳಿ ಎಂಬುದು ನನ್ನ ಸಲಹೆ. ಅದಕ್ಕೆ ಒಗ್ಗದ ಯಂತ್ರವಾದರೆ ಬೆಲೆಯನ್ನು ಇಳಿಸಬೇಡಿ, ವಿನ್ಯಾಸವನ್ನು ಸರಳಗೊಳಿಸಿ.

ಮುಂಗಡ ಪಡೆಯಬಹುದು, ಆದರೆ ಕೆಲಸ ಮಾಡುವ ಮಾದರಿ ಯಾರಾದರೊಬ್ಬರ ಕಾರ್ಯಾಗಾರದಲ್ಲಿ ಕನಿಷ್ಠ ಎರಡು ತಿಂಗಳು ದಿನವೂ ಓಡಿದ ಮೇಲೆ ಮಾತ್ರ. ಮೊದಲ ಸುತ್ತಿನಲ್ಲಿ ಹತ್ತು ಯಂತ್ರಗಳಿಗಿಂತ ಹೆಚ್ಚು ಒಪ್ಪಿಕೊಳ್ಳಬೇಡಿ, ಪಡೆದ ಹಣವನ್ನು ಬೇರೆ ಖಾತೆಯಲ್ಲಿಡಿ, ಕೊಡುವ ದಿನಾಂಕವನ್ನು ಬರಹದಲ್ಲಿ ತಿಳಿಸಿ. ಆ ದಿನ ತಪ್ಪುವುದು ಖಚಿತವಾದ ಕೂಡಲೇ ಎಲ್ಲರಿಗೂ ಪತ್ರ ಬರೆದು, ಕಾಯಲು ಒಪ್ಪದವರಿಗೆ ಪೂರ್ತಿ ಹಣ ಹಿಂದಿರುಗಿಸಿ.