ಲೀಡ್ ಎಷ್ಟು ಅಂತ ಕೇಳಿದೆಯಲ್ಲ

ತಮ್ಮಾ, ನಿನ್ನ ಪ್ರಶ್ನೆ ಓದಿ ನಗು ಬಂತು. ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಗಿಲ್ಲ, ಆಗಲೇ ಈ 2025ರ ಗವರ್ನರ್ ಚುನಾವಣೆಯ ಲೀಡ್ ಮೇಲೆ ಆಫೀಸಿನವರ ಜೊತೆ ಊಟದ ಬಾಜಿ ಕಟ್ಟಿ ಸೋತಿದ್ದೀಯ. ಡೆಮಾಕ್ರಟ್ ಪಕ್ಷದ ಮಿಕಿ ಶೆರಿಲ್ ಸುಮಾರು 14 ಪಾಯಿಂಟ್, ಅಂದರೆ ಶೇಕಡಾ 14ರಷ್ಟು ಮತಗಳ ಅಂತರದಲ್ಲಿ ಗೆಲ್ಲುತ್ತಾರೆ ಅಂತ ಮೊದಲೇ ತಿಳಿಯುವುದು ಹೇಗಿತ್ತು ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಕಾರು, ಚಳಿ.

ಮನೆ ರೈಲು ನಿಲ್ದಾಣದ ಹತ್ತಿರ ನೋಡು. ಕಾರು ಹಳೆಯದೇ ಸಾಕು.

2005ರ ಅಕ್ಟೋಬರ್‌ನಲ್ಲಿ ನಾನು ಎಡಿಸನ್‌ಗೆ ಬಂದಾಗ ಮನೆಗಳ ಮುಂದೆ ಹುಲ್ಲಿನಲ್ಲಿ ಕೋರ್ಜೈನ್, ಫಾರೆಸ್ಟರ್ ಅಂತ ಗವರ್ನರ್ ಅಭ್ಯರ್ಥಿಗಳ ಹೆಸರಿನ ಪುಟ್ಟ ಬೋರ್ಡುಗಳನ್ನು ನೆಟ್ಟಿದ್ದರು. ರಾಜ್ಯಪಾಲರಿಗೂ ಚುನಾವಣೆಯಾ ಅಂತ ಬೆರಗಾಗಿದ್ದೆ. ನಮ್ಮಲ್ಲಿ ಅವರು ದೆಹಲಿಯಿಂದ ರಾಜಭವನಕ್ಕೆ ಬಂದಿಳಿಯುವವರು, ಅಲ್ವಾ? ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅದೂ ಜನ ನೇರವಾಗಿ ಆರಿಸಿದವರು.

ಭಾರಿ ಗೆಲುವು ಕೆಲವು ಸಲ ದೂರದಿಂದಲೇ ಕಾಣುತ್ತದೆ. 2013ರಲ್ಲಿ ರಿಪಬ್ಲಿಕನ್ ಕ್ರಿಸ್ ಕ್ರಿಸ್ಟಿ ಈ ಡೆಮಾಕ್ರಟರ ಕೋಟೆಯಲ್ಲಿ 22 ಪಾಯಿಂಟ್‌ನಲ್ಲಿ ಗೆದ್ದರು. ಹಿಂದಿನ ವರ್ಷ ಸ್ಯಾಂಡಿ ಚಂಡಮಾರುತದಲ್ಲಿ ಅವರು ಓಡಾಡಿದ್ದನ್ನು ಜನ ನೋಡಿದ್ದರು. ಸಮೀಕ್ಷೆಗಳೂ ದೊಡ್ಡ ಅಂತರವನ್ನೇ ಹೇಳಿದ್ದವು. ವಾಷಿಂಗ್ಟನ್‌ನಲ್ಲಿ ಯಾವ ಪಕ್ಷದ ಅಧ್ಯಕ್ಷರಿದ್ದಾರೋ ಆ ಪಕ್ಷಕ್ಕೆ ಇಲ್ಲಿ ಪೆಟ್ಟು ಬೀಳುವುದೂ ಜಾಸ್ತಿ. ಆದರೂ ಈ ಸಲ ಕೆಲವು ಸಮೀಕ್ಷೆಗಳು ಕೂದಲೆಳೆಯ ಸ್ಪರ್ಧೆ ಅಂದವು. ಸಮೀಕ್ಷೆ ಇಷ್ಟರವರೆಗೆ ತಪ್ಪಬಹುದು ಅಂತ ಪ್ಲಸ್ ಮೈನಸ್ 4 ಅಂತ ಬರೆದಿರುತ್ತಾರಲ್ಲ, ಅದು ಒಬ್ಬೊಬ್ಬರ ಪಾಲಿನ ಲೆಕ್ಕ. ಇಬ್ಬರ ನಡುವಿನ ಅಂತರ ಸುಮಾರು 8ರವರೆಗೂ ತಪ್ಪಬಹುದು. ಲೀಡ್ ಮೇಲೆ ಕುರಿ ಪಣಕ್ಕಿಡುವ ನಮ್ಮೂರ ಕಟ್ಟೆಯವರು ಕನಿಷ್ಠ ಹಳ್ಳಿಹಳ್ಳಿ ಸುತ್ತಿ ಬಂದಿರುತ್ತಾರೆ.

ನಾನೂ ಒಮ್ಮೆ ಲೀಡ್ ನಂಬಿ ಕೆಟ್ಟೆ. 2021ರಲ್ಲಿ ಆಗಿನ ಡೆಮಾಕ್ರಟ್ ಗವರ್ನರ್ ಫಿಲ್ ಮರ್ಫಿ 11 ಪಾಯಿಂಟ್ ಮುಂದೆ ಅಂತ ಒಂದು ಸಮೀಕ್ಷೆ ಹೇಳಿತ್ತು. ಗೆದ್ದಾಯಿತಲ್ಲ, ನನ್ನದೊಂದು ಓಟು ಯಾಕೆ ಅಂತ ಕೆಲಸ ಮುಗಿಸಿ ಸೋಫಾದಲ್ಲೇ ಉಳಿದೆ. ರಾತ್ರಿ ನೋಡಿದರೆ ಟೀವಿಯಲ್ಲಿ ಎದುರಾಳಿ ಜ್ಯಾಕ್ ಚಿಟ್ಟರೆಲಿ ಮುಂದೆ! ಕೊನೆಗೆ ಮರ್ಫಿ ಗೆದ್ದದ್ದು ಬರೀ 3 ಪಾಯಿಂಟ್‌ನಲ್ಲಿ. ಅದು ಹೋಗಲಿ. ಅದೇ ಮತಪತ್ರದಲ್ಲಿ ನಮ್ಮ ಊರಿನ ಶಾಲಾ ಮಂಡಳಿಗೆ ನಮ್ಮವರೇ ಒಬ್ಬರು ಅಕ್ಕ ನಿಂತಿದ್ದರು. ಮನೆಮನೆ ಸುತ್ತಿ, ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿದು ಹೋಗಿದ್ದರು. ಕೆಲವೇ ಓಟುಗಳಲ್ಲಿ ಸೋತರು. ದೀಪಾವಳಿ ಕಾರ್ಯಕ್ರಮದಲ್ಲಿ ಸಿಕ್ಕಾಗ, "ನೀವು ಬಂದಿದ್ರಿ ಅಲ್ವಾ?" ಅಂದರು. ಕೈಯಲ್ಲಿ ಚಿತ್ರಾನ್ನದ ತಟ್ಟೆ ಇತ್ತು. "ಹೂಂ ಅಕ್ಕ" ಅಂದುಬಿಟ್ಟೆ.

ನಿನಗೆ ಓಟಿಲ್ಲ, ನೆನಪಿರಲಿ. ಲೈಸೆನ್ಸ್ ಮಾಡಿಸಲು ಹೋದಾಗ ವೋಟರ್ ಪಟ್ಟಿಯ ಮಾತು ಬಂದರೆ ಸಿಟಿಜನ್ ಅಲ್ಲ ಅಂತ ಸ್ಪಷ್ಟವಾಗಿ ಹೇಳು. ಸುಮ್ನೆ ಟಿಕ್ ಹಾಕಿಬಿಟ್ಟರೆ ವೀಸಾಕ್ಕೇ ಸಂಚಕಾರ.

ಆ ಅಕ್ಕ ಈ ಸಲ ನಿಲ್ಲಲಿಲ್ಲ. ನಾನು ಬೆಳಿಗ್ಗೆ 6ಕ್ಕೇ ಹೋಗಿ ಓಟು ಹಾಕಿ ಬಂದೆ. ಚಳಿ ಇತ್ತು. ಹಾಂ, ಜಾಕೆಟ್ ಊರಿಂದ ತರಿಸಬೇಡ, ಇಲ್ಲೇ ತಗೊ.