ಮೈಕಿನ ಮುಂದೆ ಒಬ್ಬರು, ಕೌನ್ಸಿಲ್‌ನಲ್ಲಿ 16 ಮಂದಿ

ಪ್ರಿಯ ಓದುಗರೇ,

ಕೆನಡಾದ ಹ್ಯಾಮಿಲ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದು ನೀವು ಬರೆದ ಪತ್ರ ತಲುಪಿತು. "ಅಲ್ಲಿ ರೇಡಿಯೊದಲ್ಲಿ ಮಾತಾಡಿಕೊಂಡಿದ್ದವರು ಮೇಯರ್ ಆಗಿದ್ದರಂತೆ. ಬಾಯಿ ಚುರುಕಿದ್ದವರಿಗೆಲ್ಲ ಊರಿನ ಯಜಮಾನಿಕೆ ಕೊಟ್ಟರೆ ಹೇಗೆ?" ಎಂದು ಕೇಳಿದ್ದೀರಿ. ಪ್ರಶ್ನೆಯಲ್ಲಿ ಸ್ವಲ್ಪ ಖಾರ ಇದೆ. ಇರಲಿ, ಖಾರದ ಪತ್ರಗಳೇ ನಮಗೆ ಇಷ್ಟ.

ನೀವು ಹೇಳುತ್ತಿರುವುದು ಬಾಬ್ ಬ್ರಟೀನಾ ಅವರ ವಿಷಯ. 1944ರಲ್ಲಿ ಹುಟ್ಟಿದವರು. ಸಿಎಚ್ಎಂಎಲ್ ಎನ್ನುವ ಎಎಂ ಸ್ಟೇಷನ್ನಿನಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದರು. ಊರಿನ ಕೆನಡಿಯನ್ ಫುಟ್‌ಬಾಲ್ (ಕೈಯಲ್ಲಿ ಚೆಂಡು ಹಿಡಿದು ಓಡುವ ಆಟ) ತಂಡ ಟೈಗರ್ ಕ್ಯಾಟ್ಸ್ ಆಡುವಾಗ ಕಾಮೆಂಟರಿ ಹೇಳುತ್ತಿದ್ದರು. ಹ್ಯಾಮಿಲ್ಟನ್ ಉಕ್ಕಿನ ಊರು. ಪಾಳಿಗೆ ಹೊರಡುವವರಿಗೆ ಬೆಳಗ್ಗೆ ಕಾಫಿ ಜೊತೆ ಕಿವಿಗೆ ಬೀಳುವ ದನಿ ಎಂದರೆ ಮನೆಯವರದೇ ದನಿ ಇದ್ದಂತೆ. ಅದನ್ನು ಬರೀ ಬಾಯಿ ಚುರುಕು ಅಂದರೆ ಅನ್ಯಾಯ ಆಗುತ್ತದೆ, ಅಲ್ವಾ?

ಆ ದನಿ ಓಟು ತಂದಿತು, ನಿಜ. ಆದರೆ ಅವರು ಸ್ಟುಡಿಯೊದಿಂದ ಎದ್ದು ನೇರ ಮೇಯರ್ ಕುರ್ಚಿಗೆ ಹೋಗಲಿಲ್ಲ. 2004ರಲ್ಲಿ ನಗರ ಕೌನ್ಸಿಲರ್ ಆಗಿದ್ದ ಆಂಡ್ರಿಯಾ ಹಾರ್ವಾತ್ ಅವರು ಪ್ರಾಂತ್ಯದ ಶಾಸಕಿಯಾದರು. ಅವರು ಬಿಟ್ಟುಹೋದ ಎರಡನೇ ವಾರ್ಡಿಗೆ ಉಪಚುನಾವಣೆ ನಡೆದು ಬ್ರಟೀನಾ ಕೌನ್ಸಿಲರ್ ಆದರು. ಚರಂಡಿ, ರಸ್ತೆ, ತೆರಿಗೆ ಎಲ್ಲ ನೋಡಿಯೇ 2010ರಲ್ಲಿ ಮೇಯರ್ ಚುನಾವಣೆಗೆ ನಿಂತರು. ಅಲ್ಲಿ ಮೇಯರನ್ನು ಊರಿನ ಜನರೇ ಓಟು ಹಾಕಿ ಆರಿಸುತ್ತಾರೆ. ಹಾಲಿ ಮೇಯರ್, ಮಾಜಿ ಮೇಯರ್ ಇಬ್ಬರನ್ನೂ ಸೋಲಿಸಿ ಗೆದ್ದರು.

ನನಗೆ ಕಾಣುವ ತೊಂದರೆ ಶುರುವಾಗುವುದು ಗೆದ್ದ ಮೇಲೆ. ಮೈಕಿನ ಮುಂದೆ ಕೊನೆಯ ಮಾತು ನಿಮ್ಮದೇ. ಫೋನ್ ಮಾಡಿದವರು ಜಾಸ್ತಿ ಎಳೆದರೆ ಹಾಡು ಹಾಕಿಬಿಡಬಹುದು. ಕೌನ್ಸಿಲ್‌ನಲ್ಲಿ ಅದು ನಡೆಯುವುದಿಲ್ಲ. ಹ್ಯಾಮಿಲ್ಟನ್‌ನಲ್ಲಿ 15 ವಾರ್ಡು, 15 ಕೌನ್ಸಿಲರ್‌ಗಳು, ಜೊತೆಗೆ ಮೇಯರ್. ಅವರ ಕಾಲದಲ್ಲಿ ಮೇಯರ್‌ಗೂ ಇದ್ದದ್ದು ಎಲ್ಲರಂತೆ ಒಂದೇ ಓಟು. ಉಳಿದವರನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳಬೇಕು. ಅದು ಬೇರೆಯೇ ಕೆಲಸ. ಬ್ರಟೀನಾ ಅದರಲ್ಲಿ ಎಡವಿದರು ಎಂದೇ ನನ್ನ ಅನಿಸಿಕೆ. ತಮ್ಮ ಕಚೇರಿ ಮುಖ್ಯಸ್ಥರ ಸಂಬಳ ಏರಿಸಿದ ವಿಷಯಕ್ಕೆ ಕೌನ್ಸಿಲ್ ಅವರಿಗೇ ಛೀಮಾರಿ ಹಾಕಿತು.

ಆದರೆ ಒಂದು ಕೆಲಸ ನಡೆಯಿತು. ಟೈಗರ್ ಕ್ಯಾಟ್ಸ್ ಆಡುತ್ತಿದ್ದ ಐವರ್ ವಿನ್ ಸ್ಟೇಡಿಯಂ ಹಳೆಯದಾಗಿತ್ತು. 2015ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಹೊಸದು ಬೇಕಿತ್ತು. ಎಲ್ಲಿ ಕಟ್ಟುವುದು ಎಂದು ಊರಿಗೆ ಊರೇ ಜಗಳ ಆಡಿತು. ಬಂದರಿನ ಪಶ್ಚಿಮಕ್ಕೆ ಕಟ್ಟೋಣ ಎಂದರೆ ತಂಡದವರು ಒಪ್ಪಲಿಲ್ಲ. ಕೊನೆಗೆ ಹಳೆಯದನ್ನು ಕೆಡವಿ ಅದೇ ಜಾಗದಲ್ಲೇ ಕಟ್ಟಿದರು. ಮೊದಲು ಮೈದಾನ ಪೂರ್ವ-ಪಶ್ಚಿಮಕ್ಕೆ ಇತ್ತು, ಈಗ ಉತ್ತರ-ದಕ್ಷಿಣಕ್ಕೆ ತಿರುಗಿದೆ. ಊರಿನ ತಂಡದ ಆಟವನ್ನು ವರ್ಷಗಟ್ಟಲೆ ಬಾಯಲ್ಲೇ ತೋರಿಸಿದ ಮನುಷ್ಯ, ಆ ತಂಡದ ಸ್ಟೇಡಿಯಂ ಉರುಳುವಾಗ ಮೇಯರ್ ಆಗಿದ್ದರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ.

2014ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ. ಮರುವರ್ಷ ಲಿಬರಲ್ ಪಕ್ಷದಿಂದ ಸಂಸದರಾದರು. ಊರಿಗೆ ಲಘು ರೈಲು (ಟ್ರಾಮ್‌ನಂಥ ನಗರ ರೈಲು) ಬೇಡ ಎನ್ನುವುದು ಅವರ ಹಟ. 2021ರಲ್ಲಿ ಅವರ ಪಕ್ಷದ್ದೇ ಸರ್ಕಾರ ಅದಕ್ಕೆ ದುಡ್ಡು ಕೊಡಲು ಒಪ್ಪಿತು. ಬ್ರಟೀನಾ ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲ ಎಂದುಬಿಟ್ಟರು. 2022ರಲ್ಲಿ ಮತ್ತೆ ಮೇಯರ್ ಆಗಲು ನೋಡಿದರು, ಮೂರನೇ ಜಾಗ ಸಿಕ್ಕಿತು. ಗೆದ್ದವರು ಯಾರು ಗೊತ್ತಾ? 2004ರಲ್ಲಿ ವಾರ್ಡು ತೆರವು ಮಾಡಿಕೊಟ್ಟಿದ್ದ ಅದೇ ಹಾರ್ವಾತ್.

ನೀವು ಪತ್ರದ ಕೊನೆಗೆ, ಮುಂದಿನ ಸಲ ಹೋದಾಗ ಆ ಸ್ಟೇಷನ್ ಕೇಳುತ್ತೇನೆ ಎಂದಿದ್ದೀರಿ. 900 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಸಿಎಚ್ಎಂಎಲ್ 1927ರಲ್ಲಿ ಶುರುವಾಗಿ 2024ರ ಆಗಸ್ಟ್‌ನಲ್ಲಿ ನಿಂತುಹೋಯಿತು. ಹಾಗಾಗಿ ರೇಡಿಯೊ ಬಿಡಿ, ಮಗಳ ಜೊತೆ ಒಂದು ಮ್ಯಾಚ್ ನೋಡಿ ಬನ್ನಿ. ಹಳದಿ-ಕಪ್ಪು ಬಟ್ಟೆ ಹಾಕಿಕೊಂಡು ಹೋಗುವುದನ್ನು ಮರೆಯಬೇಡಿ.

— ಸಂ.